ಲಾಗ್‌ಗೆ ಲಾಗ್ ಹೊಡೆದುಹಾಕಿದ ಹುಡುಗ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡಲು ಒಪ್ಪಿಕೊಂಡು ಬಂದಿದ್ದೀರಿ. ನಿಮ್ಮಲ್ಲಿ ಇಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಈಗಷ್ಟೇ ಬಿ.ಎಸ್ಸಿ. ಮುಗಿಸಿದವರಿದ್ದಾರೆ. ನಿಮಗೆಲ್ಲ ಲೆಕ್ಕ ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ಬಾರದವರ ತಲೆಯೊಳಗೆ ಏನು ನಡೆದಿದೆ ಅಂತ ಬರುವವರಿಗೆ ಕಾಣುವುದಿಲ್ಲ. ಪಾಠ ಮಾಡಲು ಶುರುಮಾಡಿ ಹದಿನೈದು ವರ್ಷ ಆಗುವವರೆಗೂ ನನಗೂ ಕಂಡಿರಲಿಲ್ಲ.

ಒಂದು ಉತ್ತರಪತ್ರಿಕೆ ನೆನಪಾಗುತ್ತದೆ. ಲಾಗ್ (ಲಾಗರಿದಮ್: ಆ ಸಂಖ್ಯೆ ಬರಲು ಆಧಾರಸಂಖ್ಯೆಯನ್ನು ಎಷ್ಟನೇ ಘಾತಕ್ಕೆ ಏರಿಸಬೇಕು ಎಂಬುದು) ಲೆಕ್ಕ ಅದು. ಲಾಗ್ 8 ಅನ್ನು ಲಾಗ್ 2ರಿಂದ ಭಾಗಿಸಬೇಕಿತ್ತು. ಹುಡುಗ ಮೇಲಿನ ಲಾಗ್‌ಗೂ ಕೆಳಗಿನ ಲಾಗ್‌ಗೂ ಓರೆಗೀಟು ಎಳೆದು, 8ನ್ನು 2ರಿಂದ ಭಾಗಿಸಿ, 4 ಎಂದು ಬರೆದಿದ್ದ. ಸರಿಯುತ್ತರ 3. ನಾನು ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ ‘ಸೂತ್ರ ಓದು’ ಅಂತ ಬರೆದೆ. ಪಾಪ, ಓದಿಕೊಂಡು ಬಂದ. ಮುಂದಿನ ಟೆಸ್ಟಿನಲ್ಲಿ 2 ಪ್ಲಸ್ 3ರ ಲಾಗ್ ಎಂದರೆ ಲಾಗ್ 2 ಪ್ಲಸ್ ಲಾಗ್ 3 ಎಂದು ಬರೆದ. ಅವನ ಪಾಲಿಗೆ ಲಾಗ್ ಎನ್ನುವುದು ಎಕ್ಸ್, ವೈ ಥರದ ಇನ್ನೊಂದು ಅಕ್ಷರ. ಅಕ್ಷರ ಎಂದಮೇಲೆ ಹೊಡೆದುಹಾಕಬಹುದು, ಕಂಸದೊಳಗೆ ಹಂಚಬಹುದು. ಹೈಸ್ಕೂಲಿನಲ್ಲಿ ಕಲಿತ ಬೀಜಗಣಿತವನ್ನೇ ಅವನು ನಿಷ್ಠೆಯಿಂದ ಮಾಡಿದ್ದ. ಸೊನ್ನೆ ನನಗೆ ಸಿಗಬೇಕಿತ್ತು.

ಈ ಮಕ್ಕಳಿಗೆ ಲಾಗ್ ಎಲ್ಲಿ ಸಿಗುತ್ತದೆ, ನೋಡಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅದಿಲ್ಲ. ಫಸ್ಟ್ ಪಿಯುಸಿ ಗಣಿತದಲ್ಲೂ ಅದಕ್ಕೊಂದು ಅಧ್ಯಾಯವಿಲ್ಲ. ಆದರೆ ಅದೇ ವರ್ಷ ಕೆಮಿಸ್ಟ್ರಿಯಲ್ಲಿ ಆಮ್ಲೀಯತೆ ಅಳೆಯುವ ಪಿಎಚ್ ಲೆಕ್ಕ ಬಂದು ಕೂರುತ್ತದೆ. ಸೆಕೆಂಡ್ ಪಿಯುಸಿಯಲ್ಲಿ ಡಿಫರೆನ್ಸಿಯೇಷನ್ (ಬದಲಾವಣೆಯ ದರ ಕಂಡುಹಿಡಿಯುವ ಲೆಕ್ಕ) ನಡುವೆ ನಾಲ್ಕಾರು ಪುಟದಲ್ಲಿ ಅದರ ಪರಿಚಯ ಮುಗಿಯುತ್ತದೆ. ಕೆಮಿಸ್ಟ್ರಿಯವರು ‘ಗಣಿತದಲ್ಲಿ ಹೇಳಿರ್ತಾರೆ’ ಅನ್ನುತ್ತಾರೆ, ಗಣಿತದವರು ‘ಇದು ನಿಮಗೆ ಗೊತ್ತಿರೋದೇ’ ಅನ್ನುತ್ತಾರೆ. ಹೀಗಾಗಿ ಲಾಗ್ ಯಾರ ಮನೆಯ ಕೂಸೂ ಅಲ್ಲ.

ಆದ್ದರಿಂದ ಮೊದಲ ದಿನ ಲಾಗ್ ಎಂಬ ಪದವನ್ನೇ ಎತ್ತಬೇಡಿ. 32ನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ ಅಂತ ಕೇಳಿ. 16, 8, 4, 2, 1. ಐದು ಸಲ. 8ಕ್ಕೆ ಮೂರು ಸಲ. ಎರಡನ್ನೂ ಗುಣಿಸಿದರೆ 256, ಅದಕ್ಕೆ? ಬೆರಳು ಮಡಚಿ ಎಣಿಸಿ ‘ಎಂಟು’ ಅನ್ನುತ್ತಾರೆ. ಗುಣಾಕಾರ ಕೂಡುವಿಕೆಯಾಗುವುದನ್ನು ತಾವೇ ನೋಡಿದಂತಾಯಿತು. ಇದು ನನ್ನ ಉಪಾಯವಲ್ಲ. 9ನೇ ಶತಮಾನದ ಜೈನಾಚಾರ್ಯ ವೀರಸೇನರು ‘ಧವಲಾ’ ಎಂಬ ವ್ಯಾಖ್ಯಾನಗ್ರಂಥದಲ್ಲಿ ಇದನ್ನೇ ‘ಅರ್ಧಚ್ಛೇದ’ ಎಂದು ಕರೆದು, ಗುಣಲಬ್ಧದ ಅರ್ಧಚ್ಛೇದವೆಂದರೆ ಎರಡರ ಅರ್ಧಚ್ಛೇದಗಳ ಮೊತ್ತ ಎಂದು ಹೇಳಿದ್ದಾರೆ. ಆ ಗ್ರಂಥವನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡಬಿದಿರೆಯ ಬಸದಿಯ ತಾಳೆಗರಿಗಳು, ಅದೂ ಹಳಗನ್ನಡ ಲಿಪಿಯಲ್ಲಿ. ಹಾಗಂತ ಲಾಗ್ ಟೇಬಲ್ ನಮ್ಮದೇ ಎಂದು ಮಕ್ಕಳ ಮುಂದೆ ಬೀಗಬೇಡಿ. ಟೇಬಲ್ ಮಾಡಿಕೊಟ್ಟದ್ದು 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್. ಅದನ್ನು 10ರ ಲೆಕ್ಕಕ್ಕೆ ತಿರುಗಿಸಿದ್ದು ಹೆನ್ರಿ ಬ್ರಿಗ್ಸ್.

ಈಗ 10ರಿಂದ ಭಾಗಿಸಲು ಹೇಳಿ. 1000ಕ್ಕೆ ಮೂರು ಸಲ. ಈ ಎಣಿಕೆಯೇ ಲಾಗ್. 2ಕ್ಕೆ ಎಷ್ಟು? ಒಂದು ಸಲವೂ ಪೂರ್ತಿ ಆಗದು. ಹತ್ತು 2ಗಳನ್ನು ಒಂದಕ್ಕೊಂದು ಗುಣಿಸಿದರೆ 1024, ಹೆಚ್ಚುಕಡಿಮೆ 1000. ಅಂದರೆ 2ರ ಲಾಗ್ ಅನ್ನು ಹತ್ತು ಸಲ ಕೂಡಿದರೆ 3ರ ಹತ್ತಿರ ಬರಬೇಕು, ಒಂದೊಂದೂ 0.3ರ ಹತ್ತಿರ. ಇಷ್ಟಾದಮೇಲೆ ಟೇಬಲ್ ತೆಗೆಸಿ. ಅಲ್ಲಿ 0.3010 ಕಂಡು ಒಬ್ಬ ಹುಡುಗಿ ‘ಸರ್, ನಾವೇ ಕಂಡುಹಿಡಿದ್ವಿ!’ ಅಂತ ಬೆಂಚಿನಿಂದ ಎದ್ದೇ ನಿಂತಳು.

ಇನ್ನು 2.303. ಕೆಮಿಸ್ಟ್ರಿಯಲ್ಲಿ ಫಸ್ಟ್ ಆರ್ಡರ್ ರಿಯಾಕ್ಷನ್ ಲೆಕ್ಕದಲ್ಲಿ ಇದು ಬಂದರೆ, ಪ್ಲಾಂಕ್ ಸ್ಥಿರಾಂಕದ ಹಾಗೆ ಯಾರೋ ಪ್ರಯೋಗ ಮಾಡಿ ಅಳೆದಿಟ್ಟ ಸಂಖ್ಯೆ ಅಂತ ಮಕ್ಕಳು ನಂಬಿರುತ್ತಾರೆ. ಅಸಲಿಗೆ ಅದು ಇ (ಸುಮಾರು 2.718 ಎಂಬ ಸಂಖ್ಯೆ) ಆಧಾರದ ಲಾಗ್ 10, ಅಷ್ಟೇ. ಕ್ಯಾಲ್ಕುಲಸ್ ಪುಸ್ತಕದ ಲಾಗ್ ಇ ಆಧಾರದ್ದು, ಟೇಬಲ್ಲಿನದು 10ರ ಆಧಾರದ್ದು. ಒಂದರಿಂದ ಇನ್ನೊಂದಕ್ಕೆ ದಾಟಲು ತೆರುವ ಸುಂಕ 2.303. ಅರ್ಧಾಯುಷ್ಯದ 0.693 ಕೂಡ ಇ ಆಧಾರದ ಲಾಗ್ 2. ಇದನ್ನು ಹೇಳಲು ಐದು ನಿಮಿಷ ಸಾಕು, ಆದರೆ ಯಾವ ಮೇಷ್ಟ್ರೂ ಹೇಳಿರುವುದಿಲ್ಲ.

ಕ್ಯಾಲ್ಕುಲಸ್‌ಗೆ ಬರೋಣ. ಲಿಮಿಟ್ ವ್ಯಾಖ್ಯೆಗೆ ಅವಸರ ಬೇಡ, ಕ್ಯಾಲ್ಕುಲೇಟರ್ ಕೊಡಿ. ಎಕ್ಸ್ ವರ್ಗವನ್ನು 3ರಿಂದ 3.1ಕ್ಕೆ ಒಯ್ದರೆ ಏರಿಕೆಯ ದರ 6.1, 3.01ಕ್ಕೆ 6.01, 3.001ಕ್ಕೆ 6.001. ಎಲ್ಲಿಗೆ ಹೊರಟಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ನಾನು ನಿಜವಾಗಿ ಪಾಠ ಕಲಿತದ್ದು ಎಕ್ಸ್‌ನ ಘಾತ ಎಕ್ಸ್ ಎಂಬ ಲೆಕ್ಕದಲ್ಲಿ. ಡಿಫರೆನ್ಸಿಯೇಟ್ ಮಾಡಿ ಅಂದೆ. ಒಬ್ಬ ಘಾತವನ್ನು ಮುಂದಕ್ಕಿಳಿಸಿ, ಮೇಲೆ ಒಂದು ಕಳೆದ. ಸರಳಗೊಳಿಸಿದರೆ ಅವನಿಗೆ ಬಂದದ್ದು ಮತ್ತೆ ಎಕ್ಸ್‌ನ ಘಾತ ಎಕ್ಸ್. ಪಕ್ಕದವಳು ಸ್ಥಿರ ಸಂಖ್ಯೆಯ ಘಾತ ಎಕ್ಸ್ ಇದ್ದಾಗಿನ ನಿಯಮ ಹಚ್ಚಿ, ಎಕ್ಸ್‌ನ ಘಾತ ಎಕ್ಸ್ ಇಂಟು ಲಾಗ್ ಎಕ್ಸ್ ಎಂದಳು. ಎರಡೂ ತಪ್ಪು. ಮೊದಲಾಗಿದ್ದರೆ ಎರಡು ಸೊನ್ನೆ ಸುತ್ತುತ್ತಿದ್ದೆ. ಆ ದಿನ ಸುಮ್ಮನೆ ಎರಡನ್ನೂ ಬೋರ್ಡಿನ ಮೇಲೆ ಬರೆದು ಕೂಡಿದೆ. ಸರಿಯುತ್ತರ ಬಂತು! ಅವನು ಕೆಳಗಿನ ಎಕ್ಸ್ ಮಾತ್ರ ಬದಲಾಗುತ್ತದೆ ಅಂದುಕೊಂಡಿದ್ದ, ಅವಳು ಮೇಲಿನದು ಮಾತ್ರ. ಎರಡೂ ಒಟ್ಟಿಗೆ ಬದಲಾಗುವುದರಿಂದ ಎರಡೂ ಪಾಲು ಬೇಕು. ಎರಡೂ ಕಡೆ ಲಾಗ್ ತೆಗೆದು ಮಾಡುವ ಪುಸ್ತಕದ ವಿಧಾನ ಆಮೇಲೆ ಹೇಳಿದೆ. ಅಷ್ಟು ಹೊತ್ತಿಗೆ ಅದು ಅವರಿಗೆ ತಮ್ಮ ಜಗಳದ ಪಂಚಾಯಿತಿಯಂತೆ ಕೇಳಿಸಿತು.

ಕೊನೆಗೆ ಒಂದು, ನಿಮ್ಮನ್ನು ಖಂಡಿತ ಕೇಳುತ್ತಾರೆ. ಒಂದು ಬೈ ಎಕ್ಸ್‌ನ ಇಂಟಿಗ್ರೇಷನ್ನಿನಲ್ಲಿ (ಡಿಫರೆನ್ಸಿಯೇಷನ್ನಿನ ಉಲ್ಟಾ ಲೆಕ್ಕ) ಲಾಗ್ ಪಕ್ಕದ ಎಕ್ಸ್‌ಗೆ ಎರಡು ನೆಟ್ಟಗೀಟು ಯಾಕೆ? ಮಾರ್ಕ್ಸ್‌ಗಾಗಿ ಹಾಕು ಅನ್ನಬೇಡಿ. ಎಕ್ಸ್ ಋಣವಾದಾಗ ಲಾಗ್ ಎಕ್ಸ್ ಇಲ್ಲ, ಆದರೆ ಒಂದು ಬೈ ಎಕ್ಸ್ ಇದೆಯಲ್ಲ. ಅಲ್ಲಿ ಮೈನಸ್ ಎಕ್ಸ್‌ನ ಲಾಗ್ ತೆಗೆದುಕೊಂಡು ಡಿಫರೆನ್ಸಿಯೇಟ್ ಮಾಡಲಿ. ಮೈನಸ್ಸಿಗೆ ಮೈನಸ್ ಹೋಗಿ ಅದೇ ಒಂದು ಬೈ ಎಕ್ಸ್ ಬರುತ್ತದೆ. ಚೇನ್ ರೂಲ್ (ಒಂದರೊಳಗೊಂದು ಇರುವುದನ್ನು ಡಿಫರೆನ್ಸಿಯೇಟ್ ಮಾಡುವ ನಿಯಮ) ಮರೆತವರಿಗೆ ಇದು ಬರುವುದಿಲ್ಲ, ಆಗ ಆ ಸಂಜೆಯ ಪಾಠ ಚೇನ್ ರೂಲ್.

ಚಹಾ ಬಂದ ಹಾಗಿದೆ. ಬೋರ್ಡ್ ಅಳಿಸಬೇಡಿ, ಕುಡಿದು ಬಂದಮೇಲೆ ನೀವೆಲ್ಲ ನಾಲ್ಕು ಜನರ ಗುಂಪಾಗಿ ಲಾಗ್ 3 ಎಷ್ಟು ಅಂತ ಟೇಬಲ್ ಇಲ್ಲದೆ ತೆಗೆಯಬೇಕು. 81 ಮತ್ತು 80 ಪಕ್ಕಪಕ್ಕದಲ್ಲೇ ಇವೆ, ಅಷ್ಟು ಸುಳಿವು ಸಾಕು.