ಕೊನೆ ಹೇಳ್ರೀ ಮೊದಲು!

ಹೋದ ವಾರದ ಎಪಿಸೋಡಿಗೆ ಒಂದು ಕಾಮೆಂಟ್ ಬಂದಿದೆ. ಓದುತ್ತೇನೆ, ಕೇಳಿ. “ಸಾರ್, ಸಿನಾಪ್ಸಿಸ್‌ನಲ್ಲೇ ಕ್ಲೈಮ್ಯಾಕ್ಸ್ ಹೇಳಿಬಿಟ್ಟರೆ ಏಜೆಂಟ್ ಮುಂದೆ ಯಾಕೆ ಓದ್ತಾರೆ? ಸಸ್ಪೆನ್ಸ್ ಬೇಡ್ವಾ?” ಇದಕ್ಕೆ 41 ಲೈಕ್. ನನ್ನ ಎಪಿಸೋಡಿಗೇ ಅಷ್ಟು ಬಿದ್ದಿಲ್ಲ ಸ್ವಾಮಿ!

ಹಾಗಾಗಿ ಇವತ್ತು ಬೇರೆ ವಿಷಯ ಇಲ್ಲ. ಇಂಗ್ಲಿಷಿನಲ್ಲಿ ರೊಮ್ಯಾನ್ಸ್ ಕಾದಂಬರಿ ಬರೆದು ಲಂಡನ್ನಿಗೋ ನ್ಯೂಯಾರ್ಕಿಗೋ ಕಳಿಸೋಣ ಅಂತ ಕೂತಿದ್ದೀರಲ್ಲ, ಅದರ ಜೊತೆ ಕಳಿಸುವ ಕಥಾಸಾರಾಂಶದಲ್ಲಿ, ಅಂದರೆ ಸಿನಾಪ್ಸಿಸ್‌ನಲ್ಲಿ ಕೊನೆ ಹೇಳಿ.

ಹೊಸಬರಿಗಾಗಿ ಒಂದು ಮಾತು. ನಾನು ಎರಡೂವರೆ ವರ್ಷ ಲೇಖಕರ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವ ಒಬ್ಬ ಲಿಟರರಿ ಏಜೆಂಟ್‌ಗೆ ಮೊದಲ ಓದುಗನಾಗಿದ್ದೆ. ಬಂದ ಹಸ್ತಪ್ರತಿಗಳ ರಾಶಿಯನ್ನು ಮೊರದಲ್ಲಿ ಕೇರಿ, ಜೊಳ್ಳು ಹಾರಿಸಿ, ಕಾಳು ಮಾತ್ರ ಮುಂದೆ ಕಳಿಸುವ ಕೆಲಸ. ಬಸವನಗುಡಿಯ ಬಾಡಿಗೆ ಮನೆಯ ಊಟದ ಮೇಜೇ ಆಫೀಸು. ಎಷ್ಟೋ ಪ್ರೇಮಕಥೆಗಳ ಮೇಲೆ ಸಾರು ಚೆಲ್ಲಿದೆ.

ಈ ಪದ್ಧತಿ ಹೇಗೆ ಅಂದರೆ, ಬ್ರಿಟನ್ನಿನ ಏಜೆಂಟರು ಸಾಮಾನ್ಯವಾಗಿ ಒಂದು ಪತ್ರ, ಮೊದಲ ಮೂರು ಅಧ್ಯಾಯ, ಒಂದು ಪುಟದ ಸಿನಾಪ್ಸಿಸ್ ಕೇಳುತ್ತಾರೆ. ಅಮೆರಿಕದಲ್ಲಿ ಪುಸ್ತಕ ಪರಿಚಯಿಸುವ ಕ್ವೆರಿ ಲೆಟರ್ ಜೊತೆ ಐದೋ ಹತ್ತೋ ಪುಟ ಸಾಕು ಅನ್ನುವವರು ಜಾಸ್ತಿ. ಎರಡೂ ಕಡೆ ಪೂರ್ತಿ ಪುಸ್ತಕ ಅವರ ಕೈಯಲ್ಲಿ ಇರುವುದಿಲ್ಲ. ಉಳಿದ ಮೂವತ್ತು ಅಧ್ಯಾಯ ಕಟ್ಟಿದ್ದೀರೋ, ಅರ್ಧಕ್ಕೆ ಕೈಬಿಟ್ಟಿದ್ದೀರೋ ಗೊತ್ತಾಗುವುದು ಆ ಒಂದು ಪುಟದಿಂದ. ಏಜೆಂಟಿಗೆ ಸಂಬಳ ಇಲ್ಲ. ಪುಸ್ತಕ ಮಾರಾಟವಾದರೆ ಶೇಕಡ 15 ಕಮಿಷನ್. ಮಾರಾಟವಾಗದಿದ್ದರೆ ತಿಂಗಳುಗಟ್ಟಲೆ ದುಡಿದದ್ದು ನೀರಿನಲ್ಲಿ ಹೋಮ. ಮನೆ ಕೊಳ್ಳಲು ಬಂದವರಿಗೆ ಹಜಾರ ತೋರಿಸಿ, “ಅಡುಗೆಮನೆ ಸಸ್ಪೆನ್ಸ್” ಅಂತೀರಾ?

ಒಂದು ಉದಾಹರಣೆ ಹೇಳುತ್ತೇನೆ. ಊರು, ವಿವರ ಬದಲಿಸಿದ್ದೇನೆ. ಶಿರಸಿ ಕಡೆಯ ಅಡಿಕೆ ತೋಟ. ಹೀರೋ ಬ್ಯಾಂಕ್ ಆಫೀಸರ್. ಹೀರೋಯಿನ್ ಅಪ್ಪನ ತೋಟ ಹರಾಜಿಗೆ ಬಂದಿದೆ. ಆ ನೋಟಿಸ್ ಕೊಡಬೇಕಾದವನೇ ಇವನು. ಮೊದಲ ಅಧ್ಯಾಯದಲ್ಲಿ ನೋಟಿಸನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಮಳೆಯಲ್ಲಿ ಬರುತ್ತಾನೆ. ಅವಳ ಅಮ್ಮ ಕಷಾಯ ಕೊಡುತ್ತಾರೆ. ಕುಡಿಯುತ್ತಾನೆ, ಲೋಟ ಕೆಳಗಿಡುತ್ತಾನೆ, ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ನೋಟಿಸ್ ಕೊಡದೆ ವಾಪಸ್ ಹೋಗುತ್ತಾನೆ. ನಾನು ಎದ್ದು ಫ್ಯಾನ್ ಆಫ್ ಮಾಡಿ ಮತ್ತೆ ಓದಿದೆ. ಅಷ್ಟು ಚೆನ್ನಾಗಿತ್ತು!

ಆಮೇಲೆ ಸಿನಾಪ್ಸಿಸ್ ತೆಗೆದೆ. ಅದರ ಕೊನೆಯ ಸಾಲು: “ಆ ರಾತ್ರಿ ಅವನು ಬಾಗಿಲು ತಟ್ಟಿದ. ಅವಳು ತೆರೆದಳೇ...?”

ಮೂರು ಚುಕ್ಕಿ, ಒಂದು ಪ್ರಶ್ನಾರ್ಥಕ. ಅಮ್ಮಾ ತಾಯಿ, ಬಾಗಿಲು ಬಿಡಿ, ಸಾಲ ಏನಾಯ್ತು? ಅವನು ಕೆಲಸ ಬಿಟ್ಟನಾ? ಅವಳು ಅರ್ಧ ತೋಟ ಮಾರಿದಳಾ? ರೊಮ್ಯಾನ್ಸ್‌ನಲ್ಲಿ ಇಬ್ಬರೂ ಒಂದಾಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಹೇಗೆ ಒಂದಾಗುತ್ತಾರೆ, ಅದಕ್ಕೆ ಯಾರು ಏನು ಬಿಡುತ್ತಾರೆ, ಏಜೆಂಟ್ ನೋಡುವುದು ಅದನ್ನೇ. ಒಂದು ಫೋನ್ ಕಾಲ್‌ನಲ್ಲಿ ಮುಗಿಯುವ ಜಗಳಕ್ಕೆ 300 ಪುಟ ಎಳೆದಿದ್ದೀರಾ ಅಂತ ಕೊನೆ ನೋಡಿದರೆ ತಾನೇ ಗೊತ್ತಾಗುವುದು? ನಮ್ಮ ಏಜೆಂಟ್ ಮೇಡಂ ಆ ಪುಟ ನೋಡಿ, “ಬರೆದವರಿಗೇ ಕೊನೆ ಗೊತ್ತಿಲ್ಲ ಅನ್ನಿಸುತ್ತೆ” ಅಂದರು. ಎರಡು ಸಾಲಿನ ಮೇಲ್ ಹೋಯಿತು. ಕಥೆ ಮುಗಿಯಿತು.

ನೀವು ಬರೆದು ಕಳಿಸುತ್ತಿರುವುದು ಸಿನಾಪ್ಸಿಸ್ ಅಲ್ಲ, ಬೆನ್ನುಡಿ. ಪುಸ್ತಕದ ಹಿಂದೆ ಅಚ್ಚಾಗಿ ಓದುಗನ ಕೈಲಿ ದುಡ್ಡು ಬಿಚ್ಚಿಸುವುದು ಬೆನ್ನುಡಿ. ಅಲ್ಲಿ ಎಷ್ಟು ಬೇಕಾದರೂ ಚುಕ್ಕಿ ಇಡಿ, ರಂಗೋಲಿನೇ ಹಾಕಿ. ಇದು ನಮಗೆ ವಾರಪತ್ರಿಕೆ ಧಾರಾವಾಹಿಗಳಿಂದ ಬಂದ ಚಾಳಿ ಅಂತ ನನ್ನ ಅನುಮಾನ. ಅಲ್ಲಿ ಪ್ರತಿ ಕಂತಿನ ತುದಿಗೆ ‘ಸಶೇಷ’ ಅಂತ ಇರಲೇಬೇಕು. ಕನ್ನಡದಲ್ಲಿ ಏಜೆಂಟ್ ಪದ್ಧತಿ ಬೆಳೆದೇ ಇಲ್ಲ, ನೇರ ಪ್ರಕಾಶಕರಿಗೆ ಫೋನು. ಸಿನಾಪ್ಸಿಸ್ ಬರೆದು ನಮಗೆ ಅಭ್ಯಾಸ ಎಲ್ಲಿಂದ ಬರಬೇಕು ಹೇಳಿ.

ಅಂದಹಾಗೆ, ಒಂದು ಪುಟದ ಸಿನಾಪ್ಸಿಸ್ ಬರೆಯುವುದು ಹೇಗೆ ಅಂತ ಭಾನುವಾರ ನನ್ನ ಆನ್‌ಲೈನ್ ಕಾರ್ಯಾಗಾರ ಇದೆ. ಲಿಂಕ್ ಕೆಳಗಿದೆ. ಕಾಮೆಂಟ್ ಹಾಕಿದ ಮಹನೀಯರಿಗೆ ಫ್ರೀ. ಲೈಕ್ ಒತ್ತಿದ 41 ಜನಕ್ಕೆ ಡಬಲ್ ಫೀಸು.

ಇನ್ನೊಬ್ಬರು ಬರೆದಿದ್ದಾರೆ, “ಕೊನೆ ಹೇಳಿದರೆ ಕದ್ದುಬಿಡ್ತಾರೆ.” ಏನನ್ನು ಕದಿಯಬೇಕು ಗುರುಗಳೇ? ಇಬ್ಬರು ಜಗಳ ಆಡಿ ಮದುವೆಯಾದರು ಅನ್ನೋದನ್ನಾ? 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ. ನಿಮ್ಮ ವಾಕ್ಯಗಳು ಬರೆದ ಕ್ಷಣದಿಂದ ನಿಮ್ಮವು. ನೋಂದಣಿಯೂ ಬೇಕಿಲ್ಲ. ನಮ್ಮ ಕಾನೂನಿನಲ್ಲಿ ನೀವು ತೀರಿಕೊಂಡ ಮೇಲೂ 60 ವರ್ಷ ನಿಮ್ಮ ವಾರಸುದಾರರದ್ದು. ಮೊಮ್ಮಕ್ಕಳು ಕಾಯುತ್ತಿರುತ್ತಾರೆ, ಮೊದಲು ಪುಸ್ತಕ ಅಚ್ಚಾಗಲಿ!

“ನನ್ನದು ದುಃಖಾಂತ, ಅದನ್ನು ಹೇಗೆ ಹೇಳಲಿ” ಅಂತ ಮತ್ತೊಬ್ಬರು. ಹಾಗಾದರೆ ಅದನ್ನು ರೊಮ್ಯಾನ್ಸ್ ಅಂತ ಕಳಿಸಬೇಡಿ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಎರಡೇ ಷರತ್ತು ಇಟ್ಟಿತ್ತು. ಕಥೆಯ ಕೇಂದ್ರದಲ್ಲಿ ಪ್ರೀತಿ ಇರಬೇಕು, ಕೊನೆಯಲ್ಲಿ ತೃಪ್ತಿ, ಭರವಸೆ ಇರಬೇಕು. ಸಂಘ 2024ರಲ್ಲಿ ದಿವಾಳಿ ಅರ್ಜಿ ಹಾಕಿತು, ಪಾಪ. ಷರತ್ತು ದಿವಾಳಿ ಆಗಿಲ್ಲ. ಹೀರೋ ಕೊನೆಗೆ ಲಾರಿ ಕೆಳಗೆ ಬೀಳುವ ಪುಸ್ತಕವನ್ನು ಸಾಮಾನ್ಯ ಕಾದಂಬರಿ ನೋಡುವ ಏಜೆಂಟಿಗೆ ಕಳಿಸಿ. ಅಲ್ಲೂ ಲಾರಿ ವಿಷಯ ಸಿನಾಪ್ಸಿಸ್‌ನಲ್ಲಿ ಇರಲಿ!

ಯಕ್ಷಗಾನ ನೋಡಿದ್ದೀರಾ? ಅಭಿಮನ್ಯು ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಬೆಳಗಿನ ಜಾವದವರೆಗೆ ಚಾಪೆ ಹಾಸಿಕೊಂಡು ಕೂತು ಕಣ್ಣು ಒರೆಸಿಕೊಳ್ಳುತ್ತಾರೆ. ಲಗ್ನಪತ್ರಿಕೆಯಲ್ಲಿ ವರನ ಹೆಸರು ಬಿಟ್ಟು, “ಗಂಡು ಯಾರು? ಮಂಟಪಕ್ಕೆ ಬಂದು ನೋಡಿ” ಅಂತ ಅಚ್ಚು ಹಾಕಿಸುತ್ತೀರಾ? ಹಾಕಿಸಿ ನೋಡಿ, ಬೀಗರು ಏನು ಮಾಡುತ್ತಾರೆ ಅಂತ.

ಓಪನ್ ಎಂಡಿಂಗ್ ಅನ್ನುವವರಿಗೆ ಉತ್ತರ ಕೊಡುವುದಿಲ್ಲ. ಹೋಗಿ, ಕಾಫಿ ಕುಡೀರಿ.

ಇನ್ನೂ ಐದು ಕಾರಣ ಬರೆದುಕೊಂಡಿದ್ದೆ, ಆ ಹಾಳೆಯ ಮೇಲೆ ಮಗಳು ಆನೆ ಬರೆದಿದ್ದಾಳೆ. ಪರವಾಗಿಲ್ಲ. ಕೊನೆ ಹೇಳಿ. ಯಾಕೆ ಅಂದರೆ ನಾನು ಹೇಳುತ್ತಿದ್ದೇನೆ, ಅಷ್ಟೇ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಆಮೇಲೆ ಕೊನೆ ಹೇಳಿ.

ಶಿರಸಿ ತೋಟ ಬರೆದವರೇ, ನೀವು ಕೇಳುತ್ತಿದ್ದರೆ ಒಂದು ಮೇಲ್ ಹಾಕಿ. ಐದು ವರ್ಷ ಆಯಿತು. ಬ್ಯಾಂಕಿನ ಮುಂದೆ ಹೋದಾಗಲೆಲ್ಲ ನೆನಪಾಗುತ್ತದೆ. “ನೋಡಿ, ಸಸ್ಪೆನ್ಸ್ ಕೆಲಸ ಮಾಡಿದೆ” ಅಂತ ಆ 41 ಜನ ಈಗ ಕುಣಿಯಬಹುದು. ಮಾಡಿಲ್ಲ ಕಣ್ರೀ. ನನಗೆ ಬಂದಿರುವುದು ಸಿಟ್ಟು. ಆ ಸಾಲ ತೀರಿತಾ ಇಲ್ವಾ, ಅದೊಂದು ಹೇಳಿಬಿಡಿ.