ಕಾರ್ನ್‌ಹೋಲ್: ಚೀಲದಲ್ಲಿದ್ದ ಕಾಳು

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದ ಒಹಾಯೊ, ಕೆಂಟಕಿ, ಇಂಡಿಯಾನಾ ಸೀಮೆಗಳಲ್ಲಿ ಮನೆಯ ಹಿತ್ತಲಿನ ಹುಲ್ಲುಹಾಸಿನ ಮೇಲೆ ಆಡುವ ಕಾರ್ನ್‌ಹೋಲ್ ಎಂಬ ಆಟದ ಹೆಸರನ್ನು ಕುರಿತು ಇಂದು ಮಾತನಾಡುತ್ತೇನೆ. 4 ಅಡಿ ಉದ್ದ, 2 ಅಡಿ ಅಗಲದ ಹಲಗೆಯನ್ನು ಹಿಂತುದಿ 1 ಅಡಿ ಎತ್ತರಕ್ಕೆ ಬರುವಂತೆ ಓರೆಯಾಗಿ ನಿಲ್ಲಿಸಿ, ಅದರ ಮೇಲ್ಭಾಗದಲ್ಲಿ 6 ಅಂಗುಲದ ದುಂಡನೆಯ ತೂತು ಕೊರೆದಿರುತ್ತಾರೆ. ಅಂಥದೇ ಇನ್ನೊಂದು ಹಲಗೆ 27 ಅಡಿ ದೂರದಲ್ಲಿ ಎದುರಾಗಿರುತ್ತದೆ. ಸುಮಾರು 450 ಗ್ರಾಂ ತೂಕದ ಚೌಕನೆಯ ಬಟ್ಟೆಚೀಲವನ್ನು ಎಸೆದಾಗ ಅದು ತೂತಿನೊಳಗೆ ಬಿದ್ದರೆ 3 ಅಂಕ, ಹಲಗೆಯ ಮೇಲೆಯೇ ಉಳಿದರೆ 1 ಅಂಕ; ಮೊದಲು 21 ಮುಟ್ಟಿದವರಿಗೆ ಗೆಲುವು.

ಆ ಚೀಲದೊಳಗೆ ತುಂಬುತ್ತಿದ್ದುದು ಒಣಗಿಸಿದ ಮುಸುಕಿನ ಜೋಳದ ಕಾಳು. ಕಾರ್ನ್ ಎಂದರೆ ಆ ಜೋಳ, ಹೋಲ್ ಎಂದರೆ ಅದು ಹೋಗಿ ಬೀಳಬೇಕಾದ ತೂತು. ಆದರೆ ಕಾರ್ನ್ ಎಂಬ ಮಾತಿಗೇ ಒಂದು ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಕಾಳು, ಧಾನ್ಯ ಎಂಬುದೇ ಅರ್ಥ. ಗೋಧಿಯೂ ಕಾರ್ನ್, ಬಾರ್ಲಿಯೂ ಕಾರ್ನ್. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರು ಅಲ್ಲಿನ ಮೂಲನಿವಾಸಿಗಳ ಬೆಳೆಯನ್ನು ಇಂಡಿಯನ್ ಕಾರ್ನ್ ಎಂದು ಕರೆದರು. ಕಾಲಕ್ರಮದಲ್ಲಿ ಇಂಡಿಯನ್ ಎಂಬುದು ಉದುರಿ ಕಾರ್ನ್ ಅಷ್ಟೇ ಉಳಿಯಿತು. ಅದೇ ಬೆಳೆ ನಮ್ಮ ಹೊಲಗಳಿಗೆ ಬಂದಾಗ ನಮ್ಮ ರೈತರೂ ತಮಗೆ ಪರಿಚಿತವಾಗಿದ್ದ ಜೋಳದ ಹೆಸರನ್ನೇ ಅದಕ್ಕೆ ಕೊಟ್ಟು, ಮುಸುಕಿನ ಜೋಳ, ಗೋವಿನ ಜೋಳ ಎಂದರು. ನಮ್ಮಲ್ಲಿ ಹಳೆಯ ಜೋಳವೂ ರೊಟ್ಟಿಯಾಗಿ ಉಳಿದಿದ್ದರಿಂದ ಆ ಗುರುತುಮಾತು ಉದುರಲಿಲ್ಲ.

ಈ ಆಟವನ್ನು 14ನೆಯ ಶತಮಾನದಲ್ಲಿ ಜರ್ಮನಿಯ ಬಡಗಿಯೊಬ್ಬ ಜೋಳದ ಚೀಲಗಳಿಂದ ಆರಂಭಿಸಿದನೆಂಬ ಕಥೆ ಪ್ರಚಾರದಲ್ಲಿದೆ. ಅದನ್ನು ನಾನು ಒಪ್ಪಲಾರೆ. ಏಕೆಂದರೆ ಕೊಲಂಬಸ್ 1492ರಲ್ಲಿ ಹಡಗು ಹತ್ತುವವರೆಗೆ ಯುರೋಪಿನವರು ಮುಸುಕಿನ ಜೋಳವನ್ನು ಕಂಡೇ ಇರಲಿಲ್ಲ. ಬರಹದಲ್ಲಿ ಕೈಗೆ ಸಿಗುವ ದಾಖಲೆ 1883ರದು. ಹೇಲಿಗರ್ ಡಿ ವಿಂಟ್ ಎಂಬವರು ಆ ವರ್ಷ ಇಂಥದೇ ಓರೆ ಹಲಗೆಯ ಆಟವೊಂದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅವರ ಹಲಗೆಯ ತೂತು ಚೌಕವಾಗಿತ್ತು, ಆಟದ ಹೆಸರು ಪಾರ್ಲರ್ ಕ್ವಾಯಿಟ್ಸ್. ಬಳಿಕ ಅದು ಫಾಬಾ ಬಾಗಾ ಎಂದು ಮಾರಾಟವಾಯಿತು. ಫಾಬಾ ಎಂದರೆ ಲ್ಯಾಟಿನ್ನಿನಲ್ಲಿ ಅವರೆಯ ಜಾತಿಯ ಕಾಳು. ಅಲ್ಲಿಗೆ ಹೆಸರಿನಲ್ಲಿ ಕಾಳು ಬಂದಿತ್ತು, ಜೋಳವಿನ್ನೂ ಬಂದಿರಲಿಲ್ಲ. ಕಾರ್ನ್‌ಹೋಲ್ ಎಂಬ ಹೆಸರು ಬೇರೂರಿದ್ದು ಒಹಾಯೊದ ಸಿನ್ಸಿನಾಟಿ ನಗರದ ಸುತ್ತಮುತ್ತ. ಷಿಕಾಗೋದ ಕಡೆಯವರು ಇಂದಿಗೂ ಇದನ್ನು ಬ್ಯಾಗ್ಸ್ ಎಂದೇ ಕರೆಯುತ್ತಾರೆ.

ಜೋಳ ತುಂಬಿದ ಚೀಲ ಹಲಗೆಗೆ ಬಡಿದು ಬಡಿದು ಒಳಗಿನ ಕಾಳು ನುರಿಯುತ್ತದೆ. ನೇಯ್ಗೆಯ ಸಂದಿನಿಂದ ಸಣ್ಣ ಹಿಟ್ಟು ಸೋರಿ ಹಲಗೆಯ ಮೇಲೆ ಬಿಳಿಯ ಪದರವಾಗಿ ಕೂರುತ್ತದೆ. ಮಳೆಯಲ್ಲಿ ನೆನೆದರೆ ಮೊಳಕೆ, ಮೂಲೆಯಲ್ಲಿಟ್ಟರೆ ಇಲಿಯ ಕಾಟ. ಆದ್ದರಿಂದ ಈಗಿನ ಪಂದ್ಯಗಳ ಚೀಲಗಳಲ್ಲಿ ಪ್ಲಾಸ್ಟಿಕ್ ಹರಳುಗಳನ್ನು ತುಂಬಿರುತ್ತಾರೆ. ಆ ಹರಳಿನ ಚೀಲ ಹಲಗೆಯ ಮೇಲೆ ಜಾರಿ ತೂತಿನೊಳಗೆ ಬಿದ್ದಾಗಲೂ ಆಟಗಾರರು ಕೂಗುವುದು ಕಾರ್ನ್‌ಹೋಲ್ ಎಂದೇ.