ಮಾತ್ರೆಗೆ ಬಗ್ಗದ ಮೂರ್ಛೆ: ಸ್ಕ್ಯಾನ್‌ನಲ್ಲಿ ಏನನ್ನು ಹುಡುಕುತ್ತಾರೆ?

ಕೇಳುಗರಿಗೆ ನಮಸ್ಕಾರ.

ನಾವು ಫಿಟ್ಸ್ ಅಂತಲೇ ಕರೆಯುವ ಮೂರ್ಛೆ ರೋಗ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರಿಗೆ ಮಾತ್ರೆಯಿಂದಲೇ ಹತೋಟಿಗೆ ಬರುತ್ತದೆ. ಇವತ್ತಿನ ಮಾತು ಉಳಿದವರದ್ದು. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ, ತಪ್ಪದೆ ತೆಗೆದುಕೊಂಡೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆ. ತಪ್ಪದೆ ಎಂಬ ಮಾತನ್ನು ಗಮನಿಸಿ. ಜುಲೈ ಮಳೆಯಲ್ಲಿ ತೋಟದಿಂದ ಪೇಟೆಗೆ ಇಳಿಯಲಾಗದೆ, ನಾಲ್ಕು ದಿನ ಮಾತ್ರೆ ತಪ್ಪಿ ಫಿಟ್ಸ್ ಬಂದರೆ ಸೋತದ್ದು ಔಷಧಿಯಲ್ಲ, ಖಾಲಿಯಾದದ್ದು ಡಬ್ಬಿ. ಮಳೆ ಹಿಡಿಯುವ ಮೊದಲೇ ಎರಡು ತಿಂಗಳಿಗಾಗುವಷ್ಟು ತಂದಿಟ್ಟುಕೊಳ್ಳಿ.

"ಎಂಆರ್‌ಐ ನಾರ್ಮಲ್ ಅಂದರು, ಇನ್ನೇನು ಮಾಡೋದು?" ಬಹಳ ಮನೆಯವರು ಇಲ್ಲಿಗೇ ಕೈಚೆಲ್ಲುತ್ತಾರೆ. ತಲೆಯ ಮಾಮೂಲಿ ಸ್ಕ್ಯಾನ್‌ನಲ್ಲಿ ಒಂದೊಂದು ಪದರ ಸುಮಾರು 5 ಮಿಲಿಮೀಟರ್ ದಪ್ಪ, ನಡುವೆ ಒಂದಿಷ್ಟು ತೆರಪು. ಫಿಟ್ಸ್ ಹುಟ್ಟಿಸುವ ಮಚ್ಚೆ ಆ ತೆರಪಿನಲ್ಲೇ ಅಡಗಿರಬಹುದು. ಮೂರ್ಛೆಗೆಂದೇ ಮಾಡುವ ಸ್ಕ್ಯಾನ್ ಬೇರೆ: ಟಿ-1 ಮತ್ತು ಫ್ಲೇರ್ ಎಂಬ ಎರಡು ಬಗೆಯ ಚಿತ್ರಗಳು ತೆರಪಿಲ್ಲದೆ ಒಂದೊಂದು ಮಿಲಿಮೀಟರಿಗೆ, ಜೊತೆಗೆ ಮಿದುಳಿನ ಎಡಬಲಕ್ಕೊಂದರಂತೆ ಇರುವ, ನೆನಪಿಗೆ ಬೇಕಾದ ಭಾಗವಾದ ಹಿಪ್ಪೊಕ್ಯಾಂಪಸ್‌ಗೆ ಅಡ್ಡಲಾಗಿ ಕೊಯ್ದಂತೆ ಒಂದು ಟಿ-2 ಚಿತ್ರ, ಸಾಧ್ಯವಾದರೆ ಹೆಚ್ಚು ಶಕ್ತಿಯ 3 ಟೆಸ್ಲಾ ಯಂತ್ರದಲ್ಲಿ. ಹಿಪ್ಪೊಕ್ಯಾಂಪಸ್ ಸುಕ್ಕುಗಟ್ಟಿದ್ದರೆ ಆ ಬದಿ ಚಿಕ್ಕದಾಗಿ, ಫ್ಲೇರ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಹುಟ್ಟಿನಿಂದಲೇ ಮಿದುಳಿನ ಹೊರಪದರ ಸರಿಯಾಗಿ ಕೂಡದ ಜಾಗ ಇನ್ನೂ ಕಳ್ಳ. ಅಲ್ಲಿ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವಿನ ಗಡಿ ಮಸುಕಾಗಿರುತ್ತದೆ, ಅಷ್ಟೇ. ಸ್ಕ್ಯಾನ್ ಮಾಡಿಸಲು ವೈದ್ಯರು ಕೊಡುವ ಚೀಟಿಯಲ್ಲಿ ಬರೀ "ತಲೆನೋವು" ಅಂತ ಬರೆದಿದ್ದರೆ ಅದು ಕಣ್ತಪ್ಪುವುದು ಸುಲಭ. ಫಿಟ್ಸ್ ಹೇಗೆ ಶುರುವಾಗುತ್ತದೆ ಎಂಬುದನ್ನೂ ಬರೆಸಿಕೊಳ್ಳಿ.

ಹಾಗೆಯೇ ಒಂದು ಮಾತು. ಫಿಟ್ಸ್‌ಗೆ ಇನ್ನೊಂದು ಕಾರಣವಾದ ಹುಳುವಿನ ಗಂಟು ಮಿದುಳಿನಲ್ಲಿ ಕಂಡಿತು ಎಂದೊಡನೆ ನಮ್ಮ ಕೊಡಗಿನಲ್ಲಿ ಹಂದಿಮಾಂಸದ ಪಂದಿಕರಿಯನ್ನು ಬೈಯುವುದುಂಟು. ಆ ಗಂಟು ಆಗುವುದು ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದಾಗ; ಮೊಟ್ಟೆ ಬರುವುದು ಮಲ ಸೋಕಿದ ನೀರು, ತೊಳೆಯದ ಸೊಪ್ಪು, ಕೊಳಕು ಕೈಯಿಂದ. ಚೆನ್ನಾಗಿ ಬೆಂದ ಮಾಂಸದ ತಪ್ಪಲ್ಲ. ಹಳೆಯದಾಗಿ ಸುಣ್ಣಗಟ್ಟಿದ ಗಂಟು ಎಂಆರ್‌ಐಗಿಂತ ಸಿಟಿ ಸ್ಕ್ಯಾನ್‌ನಲ್ಲೇ ಸ್ಪಷ್ಟ.

ಈಗ ಜಾಲದ ಲೆಕ್ಕ, ಅಂದರೆ ಮಿದುಳಿನ ಯಾವ ಭಾಗ ಯಾವುದರ ಜೊತೆ ಸೇರಿ ಕೆಲಸ ಮಾಡುತ್ತದೆ ಎಂಬ ಲೆಕ್ಕ. ಯಂತ್ರದಲ್ಲಿ ಸುಮ್ಮನೆ ಮಲಗಿದವರ ಮಿದುಳಿನ ಚಿತ್ರವನ್ನು ಎರಡು ಸೆಕೆಂಡಿಗೊಂದರಂತೆ ತೆಗೆದರೆ ಹತ್ತು ನಿಮಿಷಕ್ಕೆ 300 ಚಿತ್ರ. ಮಿದುಳನ್ನು 90 ಭಾಗ ಮಾಡಿಕೊಂಡರೆ 4005 ಜೋಡಿ. ಯಾವ ಜೋಡಿಯಲ್ಲಿ ರಕ್ತದ ಆಮ್ಲಜನಕ ಒಟ್ಟೊಟ್ಟಿಗೆ ಏರಿಳಿಯುತ್ತದೋ ಅವುಗಳ ನಡುವೆ ಒಂದು ಗೆರೆ. ಮಡಿಕೇರಿಯನ್ನು ನೆನೆಸಿಕೊಳ್ಳಿ: ಕುಶಾಲನಗರ, ಸಂಪಾಜೆ, ಮೂರ್ನಾಡು, ಭಾಗಮಂಡಲ, ಮಾದಾಪುರ, ಐದು ಕಡೆಯ ರಸ್ತೆ ಅಲ್ಲಿ ಕೂಡುತ್ತದೆ. ಮಿದುಳಿನ ಜಾಲದಲ್ಲೂ ಹಲವು ಗೆರೆ ಕೂಡುವ ಇಂಥ ಜಾಗವೇ ಹಬ್. 2018ರ ಆಗಸ್ಟಿನಲ್ಲಿ ಸಂಪಾಜೆ ರಸ್ತೆಯ ಜೋಡುಪಾಲದ ಬಳಿ ಗುಡ್ಡ ಜರಿದಾಗ, ಜರಿಯದ ಊರುಗಳ ಓಡಾಟವೂ ಏರುಪೇರಾಯಿತಲ್ಲ? ಹಾಗೆಯೇ ಹಿಪ್ಪೊಕ್ಯಾಂಪಸ್‌ನಲ್ಲಿ ಮೊದಲಾಗುವ ಮೂರ್ಛೆಯಲ್ಲಿ ಮಿದುಳಿನ ನಡುವೆ ಸುದ್ದಿ ದಾಟಿಸುವ, ದೂರದ ಥಲಾಮಸ್‌ನ ಗೆರೆಗಳೂ ಬದಲಾಗಿರುತ್ತವೆ.

ಆದರೆ ತಲೆ ಅರ್ಧ ಮಿಲಿಮೀಟರ್ ಅಲುಗಿದರೂ ಪಕ್ಕಪಕ್ಕದ ಭಾಗಗಳ ನಡುವೆ ಇಲ್ಲದ ಗೆರೆ ಹುಟ್ಟಿಕೊಳ್ಳುತ್ತದೆ. ನಿದ್ದೆ ಹತ್ತಿದರೆ ಜಾಲವೇ ಬೇರೆ. ಮಾತ್ರೆಗಳೂ ಅದನ್ನು ಬದಲಿಸುತ್ತವೆ. ನೂರು ಜನರ ಸರಾಸರಿಯಲ್ಲಿ ಕಂಡದ್ದು ನಿಮ್ಮೊಬ್ಬರ ತಲೆಯಲ್ಲಿ ಹಾಗೆಯೇ ಇರಬೇಕೆಂದಿಲ್ಲ. ಬಣ್ಣದ ಜಾಲದ ಚಿತ್ರವೊಂದನ್ನೇ ತೋರಿಸಿ, ಫಿಟ್ಸ್ ಹುಟ್ಟುವ ಜಾಗವನ್ನು ಆಪರೇಷನ್ ಮಾಡಿ ತೆಗೆಯೋಣ ಅಂದರೆ ನಂಬಬೇಡಿ. ಫಿಟ್ಸ್ ಬರುವುದನ್ನು ಚಿತ್ರೀಕರಿಸುತ್ತಲೇ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ವಿಡಿಯೊ ಇಇಜಿ, ಎಂಆರ್‌ಐ, ಬೇಕಾದರೆ ಮಿದುಳು ಸಕ್ಕರೆ ಬಳಸುವುದನ್ನು ತೋರಿಸುವ ಪೆಟ್ ಸ್ಕ್ಯಾನ್, ಇವೆಲ್ಲ ಒಂದೇ ಜಾಗಕ್ಕೆ ಬೆರಳು ತೋರಿಸಬೇಕು. ಹಾಗೆ ತೋರಿಸಿದರೆ ಮಾತ್ರ ಹಿಂಜರಿಯಬೇಡಿ. ಕೆನಡಾದಲ್ಲಿ 80 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಕೊನೆಗೆ ಪ್ರಜ್ಞೆ ತಪ್ಪಿಸುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ಶೇಕಡಾ 58, ಬರೀ ಮಾತ್ರೆಯ ಗುಂಪಿನಲ್ಲಿ ಶೇಕಡಾ 8.

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಟರೆ ಫಿಲ್ಮ್ ಒಂದೇ ಸಾಲದು, ಸ್ಕ್ಯಾನ್‌ನ ಸಿಡಿಯನ್ನೂ ಕೇಳಿ ಪಡೆಯಿರಿ. ಜಾಲದ ಲೆಕ್ಕಕ್ಕೂ ಅದೇ ಬೇಕು. ಇದುವರೆಗೆ ಕೊಟ್ಟ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳು, ಏಕೆ ಬಿಟ್ಟಿರಿ, ಇಷ್ಟು ಒಂದು ಹಾಳೆಯಲ್ಲಿರಲಿ. ಫಿಟ್ಸ್ ಬಂದಾಗ ಒಬ್ಬರು ಪಕ್ಕಕ್ಕೆ ಮಲಗಿಸಲಿ, ಇನ್ನೊಬ್ಬರು ಮೊಬೈಲಿನಲ್ಲಿ ಹಿಡಿಯಲಿ. ಹೊದಿಕೆ ಸರಿಸಿ, ಮುಖವೂ ಎರಡೂ ಕೈಗಳೂ ಕಾಣಲಿ. ತಲೆ ಮೊದಲು ಯಾವ ಕಡೆ ತಿರುಗಿತು, ಯಾವ ಕೈ ಸೆಟೆಯಿತು ಎಂಬುದೇ ಮುಖ್ಯ. ಫಿಟ್ಸ್ ನಿಂತ ಮೇಲೆ ಅವರ ಹೆಸರು ಕೇಳಿ, ಉತ್ತರವೂ ದಾಖಲಾಗಲಿ. ಐದು ನಿಮಿಷವಾದರೂ ನಿಲ್ಲದಿದ್ದರೆ ವಿಡಿಯೊ ಬಿಟ್ಟು ಅದೇ ಮೊಬೈಲಿನಿಂದ 108ಕ್ಕೆ ಕರೆ ಮಾಡಿ.